ಹನ್ನೆರಡು ಇಂಚಿನ ತೆನೆ

ಚಳಿಗಾಲದ ರಜೆಗೆ ಮಗಳು ಮನೆಗೆ ಬಂದಾಗ ಬಟ್ಟೆ ಚೀಲದ ತಳದಲ್ಲಿ ಅವಳ ಕ್ವಿಲ್ಟ್, ಅಂದರೆ ತುಂಡು ಬಟ್ಟೆ ಜೋಡಿಸಿ ಒಳಗೆ ಹತ್ತಿ ಇಟ್ಟು ಹೊಲಿದ ಹೊದಿಕೆ, ಇತ್ತು. ಯಾವಾಗಲೂ ಅದನ್ನು ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಈ ಸಲ ಅಡಿಯಲ್ಲಿ, ಒಳಮುಖ ಮಾಡಿ ಮಡಚಿ ಇಟ್ಟಿದ್ದಳು. ಬಿಡಿಸಿ ನೋಡಿದೆ. ಎರಡು ಬ್ಲಾಕ್, ಅಂದರೆ ತುಂಡು ಸೇರಿಸಿ ಮಾಡಿದ ಚೌಕಗಳು, ಹರಿದಿದ್ದವು. ಹಾಸ್ಟೆಲಿನ ಡ್ರೈಯರ್‌ನಲ್ಲಿ ಯಾವುದೋ ಜಾಕೆಟ್ಟಿನ ಜಿಪ್ ಸಿಕ್ಕಿಕೊಂಡು ಎಳೆದಿತ್ತಂತೆ. ಒಳಗಿನ ಹತ್ತಿ ಹೊರಗೆ ಇಣುಕುತ್ತಿತ್ತು.

"ಅಮ್ಮ, ಇದನ್ನ ಸರಿ ಮಾಡೋಕಾಗುತ್ತಾ?"

ಆಗುತ್ತೆ ಅಂದೆ. ಅಂದಮೇಲೆ ಹೇಗೆ ಅಂತ ಯೋಚಿಸಲು ಕೂತೆ.

ಆ ಕ್ವಿಲ್ಟ್ ಹೊಲಿದದ್ದು 2008ರಲ್ಲಿ, ಅವಳಿಗೆ ಐದು ತುಂಬಿದಾಗ. ಅಡ್ಡಕ್ಕೆ 5, ಉದ್ದಕ್ಕೆ 6, ಒಟ್ಟು 30 ಬ್ಲಾಕ್. ಒಂದೊಂದು ಬ್ಲಾಕ್ 12 ಇಂಚಿನ ಚೌಕ. ಅಮೆರಿಕದ ಕ್ವಿಲ್ಟ್‌ಗಳಲ್ಲಿ ನೂರಕ್ಕೂ ಹೆಚ್ಚು ವರ್ಷದಿಂದ ಬಂದ ಬ್ಲಾಕ್‌ಗಳಿವೆ. ನಕ್ಷತ್ರದ ಒಹಾಯೋ ಸ್ಟಾರ್, ಪಟ್ಟಿ ಪಟ್ಟಿಯ ಲಾಗ್ ಕ್ಯಾಬಿನ್, ಹಕ್ಕಿಗಳ ಸಾಲಿನ ಹಾಗಿರುವ ಫ್ಲೈಯಿಂಗ್ ಗೀಸ್. ನಾನು ಅವುಗಳಲ್ಲಿ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಅವ್ವನ ಇಳಕಲ್ ಸೀರೆಯ ಸೆರಗನ್ನು ನೆನೆಸಿಕೊಂಡು ನಾನೇ ಒಂದು ಬ್ಲಾಕ್ ಬರೆದೆ. ಕೆಂಪು ನೆಲ, ಅದರ ಮೇಲೆ ಜೋಳದ ತೆನೆಯ ಹಾಗೆ ನಿಂತ ಆರು ಬಿಳಿ ಮೊನೆಗಳು, ಕೆಳಗೆ ಒಂದು ದಪ್ಪ ಪಟ್ಟಿ. ಒಂದೊಂದು ತೆನೆ ಬುಡದಲ್ಲಿ 2 ಇಂಚು ಅಗಲ, 8 ಇಂಚು ಎತ್ತರ.

ಈ ಬ್ಲಾಕ್ ಬೇರೆ ಯಾರ ಹತ್ತಿರವೂ ಇಲ್ಲ. ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದು ಇದ್ದದ್ದು ಒಂದೇ ಕಡೆ, ನನ್ನ ಹಳೆಯ ಕಂಪ್ಯೂಟರಿನಲ್ಲಿ, ಇಕ್ಯೂ5 ಅನ್ನುವ ಸಾಫ್ಟ್‌ವೇರಿನ ಒಂದು ಫೈಲಿನೊಳಗೆ.

ಇಕ್ಯೂ ಅಂದರೆ ಎಲೆಕ್ಟ್ರಿಕ್ ಕ್ವಿಲ್ಟ್. ನಾನಿರುವ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಿಂದ ಕಾರಿನಲ್ಲಿ ಎರಡು ಗಂಟೆ ಹೋದರೆ ಬೌಲಿಂಗ್ ಗ್ರೀನ್ ಅನ್ನುವ ಚಿಕ್ಕ ಊರಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಡೀನ್ ನ್ಯೂಮನ್ ಅವರು ಇದನ್ನು ಶುರು ಮಾಡಿದರು. ಅವರ ಹೆಂಡತಿ ಪೆನ್ನಿ ಮೆಕ್‌ಮಾರಿಸ್ ಕ್ವಿಲ್ಟ್‌ಗಳ ಇತಿಹಾಸ ಬಲ್ಲವರು. ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಡಾಸ್ ಅನ್ನುವ ಹಳೆಯ ಸಿಸ್ಟಂನ ಕಾಲದಲ್ಲಿ. ಗಣಿತದವರು ಒಬ್ಬರು, ಬಟ್ಟೆಯವರು ಇನ್ನೊಬ್ಬರು. ಅದು ಸಾಫ್ಟ್‌ವೇರಿನಲ್ಲಿ ಕಾಣುತ್ತದೆ. ನನ್ನ ಹತ್ತಿರ ಇದ್ದದ್ದು 2001ರ ಐದನೆಯ ಆವೃತ್ತಿ.

ಅದರಲ್ಲಿ ಬರೆಯುವುದು ಹೀಗೆ. ಬ್ಲಾಕ್‌ನ ಅಳತೆ ಹೇಳಬೇಕು. ಚುಕ್ಕಿಗಳು ಎಷ್ಟು ದೂರಕ್ಕೆ ಇರಬೇಕು ಅಂತ ಹೇಳಬೇಕು. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತಾ ಹೋಗುವುದು. ಅಂಗಳದಲ್ಲಿ ರಂಗೋಲಿ ಹಾಕಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ಒಂದು ನಿಯಮ ಮಾತ್ರ ಇದೆ. ಗೆರೆಯ ತುದಿ ಇನ್ನೊಂದು ಗೆರೆಯನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಅದು ತುಂಡು ಆಗುವುದಿಲ್ಲ. ಬಟ್ಟೆಯಲ್ಲೂ ಅಷ್ಟೇ, ಅರ್ಧಕ್ಕೆ ನಿಂತ ಹೊಲಿಗೆಯಿಂದ ತುಂಡು ಹುಟ್ಟುವುದಿಲ್ಲ. ಬ್ಲಾಕ್ ಬರೆದು ಮುಗಿದ ಮೇಲೆ ಬಣ್ಣ ತುಂಬಬಹುದು. ಮೂವತ್ತು ಬ್ಲಾಕ್ ಜೋಡಿಸಿ ಇಡೀ ಕ್ವಿಲ್ಟ್ ಹೇಗೆ ಕಾಣುತ್ತದೆ ಅಂತ ನೋಡಬಹುದು. ಕತ್ತರಿಸುವ ಅಚ್ಚುಗಳನ್ನು ಹೊಲಿಗೆಗೆ ಬಿಡುವ ಕಾಲಿಂಚಿನ ಮಾರ್ಜಿನ್ ಸೇರಿಸಿ ಕಾಗದದ ಮೇಲೆ ಮುದ್ರಿಸಬಹುದು.

ತೆನೆಯ ಬ್ಲಾಕ್‌ಗೆ ಆ ಕಾಗದ ಬೇಕೇ ಬೇಕು. ಚೌಕ, ಆಯತಗಳನ್ನು ಸ್ಕೇಲ್ ಇಟ್ಟು ಕತ್ತರಿಸಬಹುದು. ಚೂಪಾದ ತ್ರಿಕೋನಗಳನ್ನು ಹಾಗೆ ಕತ್ತರಿಸಿ ಹೊಲಿದರೆ ಬಟ್ಟೆ ಓರೆಯಲ್ಲಿ ಜಗ್ಗುತ್ತದೆ, ಮೊನೆ ಮೊಂಡಾಗುತ್ತದೆ. ಅದಕ್ಕೆ ತೆಳು ಕಾಗದದ ಮೇಲೆ ಗೆರೆ ಮುದ್ರಿಸಿ, ಬಟ್ಟೆಯನ್ನು ಹಿಂದೆ ಹಿಡಿದು, ಗೆರೆಯ ಮೇಲೇ ಹೊಲಿಯುತ್ತಾರೆ. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆಯುತ್ತಾರೆ. ಒಂದು ಬ್ಲಾಕ್‌ಗೆ ಒಂದು ಕಾಗದ. ಮೂವತ್ತು ಕಾಗದಗಳನ್ನು ಆಗಲೇ ಹರಿದು ಹಾಕಿ ಆಗಿತ್ತು.

ಹಾಗಾಗಿ ಫೈಲ್ ಬೇಕಿತ್ತು.

ಸಿಡಿ ಸಿಕ್ಕಿತು, ಗುಂಡಿಗಳ ಡಬ್ಬಿಯ ಕೆಳಗೆ. ಆದರೆ ನನ್ನ ಈಗಿನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು ನಿಂತವಲ್ಲ, ಆಗ ಬಹಳ ಜನರ ಹಾಗೆ ನಾನೂ ಹೊಸದು ಕೊಂಡಿದ್ದೆ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದನ್ನು ತರಿಸಿದೆ. ಸಿಡಿ ತಿರುಗಿತು. ಆ ಸದ್ದು ಕೇಳಿ ಎಷ್ಟೋ ವರ್ಷ ಆಗಿತ್ತು.

ಇಲ್ಲಿ ಹಳೆಯ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ ಎರಡು ಮಾತು. 90ರ ದಶಕದ ಪ್ರೋಗ್ರಾಂಗಳಲ್ಲಿ ಕೆಲವು 16 ಬಿಟ್‌ನವು, ಅಂದರೆ ಇನ್ನೂ ಹಳೆಯ ಪೀಳಿಗೆಯವು. ಆಮೇಲೆ ಬಂದದ್ದು 32, ಈಗಿನದು 64. ಇನ್ನು ಕೆಲವು ತಾವು 32 ಬಿಟ್ ಆಗಿದ್ದರೂ ಅವುಗಳನ್ನು ಇನ್‌ಸ್ಟಾಲ್ ಮಾಡುವ ಪುಟ್ಟ ಪ್ರೋಗ್ರಾಂ 16 ಬಿಟ್‌ನದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದು 16 ಬಿಟ್‌ನ್ನು ಓಡಿಸುವುದೇ ಇಲ್ಲ. ಹಾಗಾದಾಗ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಕೂರಿಸಬೇಕು. ವರ್ಚುವಲ್‌ಬಾಕ್ಸ್ ಅಂಥದ್ದು ಅದಕ್ಕೆ ಇದೆ. ಡಾಸ್ ಕಾಲದ್ದಾದರೆ ಡಾಸ್‌ಬಾಕ್ಸ್ ಇದೆ. ಮ್ಯಾಕ್ ಇಟ್ಟುಕೊಂಡ ಗೆಳತಿಯರ ಕಷ್ಟ ಬೇರೆ. 2019ರ ಕ್ಯಾಟಲಿನಾ ಅನ್ನುವ ಆವೃತ್ತಿಯಿಂದ ಮ್ಯಾಕ್‌ನಲ್ಲಿ 32 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ.

ನನ್ನದು ಅಷ್ಟು ದೂರ ಹೋಗಲಿಲ್ಲ. ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ, ವಿಂಡೋಸ್ ಎಕ್ಸ್‌ಪಿ ಅಂತ ಆರಿಸಿದೆ. ತೆರೆಯಿತು. ಆದರೆ ಎಲ್ಲವೂ ಇರುವೆಯಷ್ಟು ಚಿಕ್ಕದು! ಆಗಿನ ಪರದೆಗಳು ಅಡ್ಡಕ್ಕೆ 1024 ಚುಕ್ಕಿ, ಉದ್ದಕ್ಕೆ 768 ಚುಕ್ಕಿ. ಪೆನ್ಸಿಲಿನ ಚಿತ್ರವನ್ನು ಆ ಲೆಕ್ಕಕ್ಕೆ ಬರೆದಿದ್ದರು. ಈಗಿನ ಪರದೆಯಲ್ಲಿ ಅಷ್ಟೇ ಜಾಗಕ್ಕೆ ಚುಕ್ಕಿಗಳು ಎಷ್ಟೋ ಪಟ್ಟು ಜಾಸ್ತಿ. ಅದೇ ಕಂಪ್ಯಾಟಿಬಿಲಿಟಿ ಪುಟದಲ್ಲಿ ಹೈ ಡಿಪಿಐ ಸೆಟ್ಟಿಂಗ್ ಅಂತ ಇದೆ. ಅಲ್ಲಿ ಅಳತೆ ಬದಲಿಸುವ ಕೆಲಸವನ್ನು ಸಿಸ್ಟಂಗೆ ಬಿಟ್ಟರೆ ಚಿತ್ರಗಳು ದೊಡ್ಡವಾಗುತ್ತವೆ. ಸ್ವಲ್ಪ ಮಸುಕು, ಆದರೂ ಕಾಣುತ್ತವೆ. ಐವತ್ತು ದಾಟಿದ ಕಣ್ಣಿಗೆ ಅಷ್ಟು ಸಾಕು.

ಹಳೆಯ ಪ್ರೋಗ್ರಾಂಗಳ ಹೆಲ್ಪ್ ಪುಟಗಳು ತೆರೆಯದಿದ್ದರೆ ಗಾಬರಿಯಾಗಬೇಡಿ. ಆ ಕಾಲದ ಹೆಲ್ಪ್ ಫೈಲ್‌ಗಳನ್ನು ತೋರಿಸುತ್ತಿದ್ದ ಪ್ರೋಗ್ರಾಂ ವಿಂಡೋಸ್ ವಿಸ್ಟಾದಿಂದ ಈಚೆಗೆ ಕಂಪ್ಯೂಟರ್ ಜೊತೆ ಬರುವುದಿಲ್ಲ. ಕೈಪಿಡಿ ಪುಸ್ತಕ ಇದ್ದರೆ ಎಸೆಯಬೇಡಿ.

ಇಷ್ಟೆಲ್ಲ ಮಾಡಿದ್ದು ಒಂದು ಸಂಜೆಯ ಕೆಲಸ. ಫೈಲ್ ಹುಡುಕಿದ್ದು ನಾಲ್ಕು ದಿನ.

ಹಳೆಯ ಕಂಪ್ಯೂಟರನ್ನು ಮೂಲೆಗಿಡುವ ಮೊದಲು ಎಲ್ಲ ಕ್ವಿಲ್ಟ್ ಫೈಲ್‌ಗಳನ್ನು ಒಂದು ಸಿಡಿಗೆ ಹಾಕಿದ್ದೆ. ಸಿಡಿಯ ಮೇಲೆ ನನ್ನ ಕೈಬರಹದಲ್ಲೇ "ಕ್ವಿಲ್ಟ್ ಎಲ್ಲಾ" ಅಂತ ಇದೆ. ಅದರಲ್ಲಿ ತೆನೆ ಇರಲಿಲ್ಲ. 2006ರ ತನಕದ ಎಲ್ಲವೂ ಇದ್ದವು. ಆಮೇಲಿನ ಒಂದೂ ಇರಲಿಲ್ಲ. ನಾನು ಸೇವ್ ಮಾಡಿದ್ದು ಚೆನ್ನಾಗಿ ನೆನಪಿದೆ. ದಿನಾ ರಾತ್ರಿ ಮಗಳು ಮಲಗಿದ ಮೇಲೆ ತೆರೆದು, ಸ್ವಲ್ಪ ಬದಲಿಸಿ, ಸೇವ್ ಮಾಡಿ ಮುಚ್ಚುತ್ತಿದ್ದೆ. ಹಾಗಿದ್ದರೆ ಎಲ್ಲಿ ಹೋದವು?

ನಮ್ಮ ಮನೆಯಲ್ಲಿ ಇಂಥದ್ದು ಇದು ಮೊದಲಲ್ಲ. ಅವ್ವ ಹೇಳಿಕೊಟ್ಟ ಅಡುಗೆಗಳನ್ನು ತಮ್ಮ 2002ರಲ್ಲಿ ಕೂತು ಟೈಪ್ ಮಾಡಿದ್ದ. ಕನ್ನಡದ ಫಾಂಟುಗಳು ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತಿದ್ದವು. ಈಗ ಆ ಫೈಲ್ ತೆರೆದರೆ ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ, ಬರೀ ಗೀಚು. ಎಣ್ಣೆಗಾಯಿಗೆ ಎಷ್ಟು ಗುರೆಳ್ಳು ಅಂತ ಅವನು ಬರೆದದ್ದು ಆ ಗೀಚಿನೊಳಗೆ ಇದೆ. ಯೂನಿಕೋಡ್‌ಗೆ ಬದಲಿಸಿಕೊಳ್ಳುವ ದಾರಿ ಇದೆ, ಅದನ್ನು ಒಂದು ದಿನ ಮಾಡಬೇಕು.

ತೆನೆ ಸಿಕ್ಕ ಬಗೆ ಹೇಳುತ್ತೇನೆ. ಇದು ಎಷ್ಟೋ ಜನರಿಗೆ ಉಪಯೋಗ ಆಗಬಹುದು. ಆಗೆಲ್ಲ ಎಷ್ಟೋ ಪ್ರೋಗ್ರಾಂಗಳು ತಮ್ಮ ಫೈಲ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೇ ಸೇವ್ ಮಾಡುತ್ತಿದ್ದವು. 2007ರಲ್ಲಿ ವಿಸ್ಟಾ ಬಂದಾಗ ಆ ಫೋಲ್ಡರಿಗೆ ಬೀಗ ಬಿತ್ತು. ವೈರಸ್ ಬಂದು ಅಲ್ಲಿ ಏನೂ ಬದಲಿಸಬಾರದು ಅಂತ. ಒಳ್ಳೆಯ ಕಾರಣವೇ. ಆದರೆ ಹಳೆಯ ಪ್ರೋಗ್ರಾಂಗಳು ಕೆಟ್ಟು ನಿಲ್ಲಬಾರದಲ್ಲ, ಅದಕ್ಕೆ ವಿಂಡೋಸ್ ಒಂದು ಉಪಾಯ ಮಾಡಿತು. ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ಅದನ್ನು ಸುಮ್ನೆ ಬೇರೆ ಕಡೆ ತಿರುಗಿಸಿ ಇಡುತ್ತದೆ. ಬಳಸುವವರ ಹೆಸರಿನ ಫೋಲ್ಡರಿನಲ್ಲಿ ಆ್ಯಪ್‌ಡೇಟಾ ಅಂತ ಮರೆಯಾಗಿರುವ ಫೋಲ್ಡರ್ ಇದೆ. ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಪ್ರೋಗ್ರಾಂಗೆ ಮಾತ್ರ ಫೈಲ್ ಮೊದಲಿನ ಜಾಗದಲ್ಲೇ ಇದೆ ಅಂತ ಕಾಣುತ್ತದೆ. ನಾವು ಫೋಲ್ಡರ್ ತೆರೆದು ಕಾಪಿ ಮಾಡಲು ಹೋದರೆ ಅಲ್ಲಿ ಇರುವುದಿಲ್ಲ.

ನಾನು 2007ರ ಕೊನೆಗೆ ವಿಸ್ಟಾ ಇದ್ದ ಕಂಪ್ಯೂಟರ್ ಕೊಂಡಿದ್ದೆ. ಬ್ಯಾಕಪ್ ಮಾಡುವಾಗ ಪ್ರೋಗ್ರಾಂ ಫೈಲ್ಸ್‌ನಿಂದ ಮಾತ್ರ ಕಾಪಿ ಮಾಡಿದ್ದೆ. ತಪ್ಪು ನನ್ನದು, ಒಂದು ಸಲ ತೆರೆದು ನೋಡಬೇಕಿತ್ತು.

ಬೇಸ್‌ಮೆಂಟಿನಲ್ಲಿದ್ದ ಹಳೆಯ ಕಂಪ್ಯೂಟರಿನ ಡಬ್ಬದ ತಿರುಪು ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದೆ. ಯುಎಸ್‌ಬಿಗೆ ಜೋಡಿಸುವ ವೈರ್ ಹಾಕಿದೆ. ಮರೆಯಾದ ಫೈಲ್‌ಗಳನ್ನು ತೋರಿಸು ಅಂತ ಹೇಳಿ ವರ್ಚುವಲ್‌ಸ್ಟೋರ್‌ಗೆ ಹೋದೆ. ಅಲ್ಲಿದ್ದವು. ಹನ್ನೊಂದು ಫೈಲ್. ಮೂರನೆಯದರ ಹೆಸರು "ತೆನೆ" ಅಂತ, ಇಂಗ್ಲಿಷ್ ಅಕ್ಷರಗಳಲ್ಲಿ. ಸೇವ್ ಮಾಡಿದ ಸಮಯ ರಾತ್ರಿ ಹನ್ನೆರಡೂ ಹತ್ತು.

ತೆರೆದೆ. ಆರು ತೆನೆಗಳು ನಿಂತಿದ್ದವು. ಗಂಟಲು ಕಟ್ಟಿತು.

ಆ ರಾತ್ರಿಯೇ ಮುದ್ರಿಸಿದೆ. ಬೆಳಿಗ್ಗೆ ಸ್ಕೇಲ್ ಇಟ್ಟು ನೋಡಿದರೆ ಅಳತೆ ಬರಲಿಲ್ಲ. ಪಿಡಿಎಫ್ ಮಾಡಿ ಅದರಿಂದ ಮುದ್ರಿಸಿದ್ದೆ, "ಪುಟಕ್ಕೆ ಹೊಂದಿಸು" ಅನ್ನುವ ಗುರುತು ಹಾಕಿಯೇ ಇತ್ತು. ಅದು 100ರ ಬದಲು 97ರ ಲೆಕ್ಕದಲ್ಲಿ ಮುದ್ರಿಸಿತ್ತು. ಇಲ್ಲಿ ಒಂದು ಎಚ್ಚರಿಕೆ. ಎಲ್ಲರೂ ಒಂದು ಇಂಚಿನ ಚೌಕ ಮುದ್ರಿಸಿ ಅಳೆದು ನೋಡಿ ಅನ್ನುತ್ತಾರೆ. ಒಂದು ಇಂಚಿನಲ್ಲಿ ಮೂರು ಪರ್ಸೆಂಟ್ ಕಡಿಮೆಯಾದರೆ ಅದು ಇಂಚಿನ ಮೂವತ್ತೆರಡನೆಯ ಒಂದು ಭಾಗ. ಕಣ್ಣಿಗೆ ಬೀಳುವುದೇ ಇಲ್ಲ. ಆರು ಇಂಚಿನ ಗೆರೆ ಮುದ್ರಿಸಿ ಅಳೆಯಿರಿ. 97ರಲ್ಲಿ ಅದು 5 13/16 ಇಂಚು ಆಗಿರುತ್ತದೆ, ಆಗ ಗೊತ್ತಾಗುತ್ತದೆ. "ನಿಜವಾದ ಅಳತೆ" ಅಂತ ಬದಲಿಸಿ ಮತ್ತೆ ಮುದ್ರಿಸಿದೆ. ಈ ಸಲ ಆರಕ್ಕೆ ಆರು. ಬ್ಲಾಕ್ 12 ಇಂಚು ಅಗಲ, ಕಾಗದ ಅಷ್ಟು ಅಗಲ ಇಲ್ಲ. ಹಾಳೆಗಳನ್ನು ಒಂದಕ್ಕೊಂದು ಜೋಡಿಸಿ ಟೇಪ್ ಹಚ್ಚಿದೆ. ಆ ಹಾಳೆಗಳನ್ನು ಹರಿದ ಬ್ಲಾಕ್ ಮೇಲೆ ಇಟ್ಟೆ.

ಕೂರಲಿಲ್ಲ.

ಕಾಗದ ಎರಡೂ ಕಡೆ ಹೊರಗೆ ಬಂತು. ಮತ್ತೆ ಸ್ಕೇಲ್ ತಂದೆ, ಕಾಗದ ಅಳೆದೆ. ಸರಿ ಇದೆ. ಆಮೇಲೆ ಮೊದಲ ಸಲ ಕ್ವಿಲ್ಟನ್ನು ಅಳೆದೆ. ಹೊಲಿದಾಗ ಐದು ಬ್ಲಾಕ್ ಸೇರಿ 60 ಇಂಚು ಇತ್ತು. ಈಗ 58 1/8. ಹದಿನೇಳು ವರ್ಷದ ನೀರು, ಬಿಸಿ, ಡ್ರೈಯರ್. ಹತ್ತಿ ಕುಗ್ಗುತ್ತದೆ, ಒಳಗಿನ ಹತ್ತಿಯ ಪದರವೂ ಕುಗ್ಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ತೊಳೆದ ಕ್ವಿಲ್ಟಿನ ಆ ಸುಕ್ಕು ಸುಕ್ಕು ಮೈ ಬರುವುದೇ ಅದರಿಂದ. ಆದರೆ ನಾಲ್ಕು ದಿನ ಫೈಲ್ ಹುಡುಕುವಾಗ ನನ್ನ ತಲೆಯಲ್ಲಿ ಇದ್ದದ್ದು 2008ರ ಕ್ವಿಲ್ಟ್. ಎದುರಿಗೆ ಇದ್ದದ್ದು ಬೇರೆ.

ಒಂದು ಬ್ಲಾಕ್ ಈಗ 11 5/8 ಇಂಚು. ನಿನ್ನೆ ತಪ್ಪಾಗಿ ಮುದ್ರಿಸಿದ ಕಾಗದ ನೆನಪಾಯಿತು. 12ಕ್ಕೆ 97 ಪರ್ಸೆಂಟ್ ಅಂದರೆ ಹೆಚ್ಚು ಕಡಿಮೆ 11 5/8. ಕಸದ ಬುಟ್ಟಿಯಿಂದ ಅದನ್ನು ತೆಗೆದು, ನೀವಿ, ಕ್ವಿಲ್ಟ್ ಮೇಲೆ ಇಟ್ಟೆ. ಅಡ್ಡಕ್ಕೆ ಗೆರೆಗೆ ಗೆರೆ ಕೂತಿತು. ಉದ್ದಕ್ಕೆ ಕೂರಲಿಲ್ಲ. ಉದ್ದಕ್ಕೆ ಆರು ಬ್ಲಾಕ್ ಸೇರಿ 72 ಇರಬೇಕಾದದ್ದು 69 ಆಗಿತ್ತು. ಅಂದರೆ ಒಂದೊಂದು ಹನ್ನೊಂದೂವರೆ. ಬಟ್ಟೆ ಹಾಸಿನ, ಅಂದರೆ ಉದ್ದದ ಎಳೆಯ, ಕಡೆಗೆ ಒಂದು ಲೆಕ್ಕ ಕುಗ್ಗಿದರೆ ಹೊಕ್ಕಿನ, ಅಂದರೆ ಅಡ್ಡ ಎಳೆಯ, ಕಡೆಗೆ ಇನ್ನೊಂದು ಲೆಕ್ಕ. ನೇಕಾರರಿಗೆ ಇದು ದಿನದ ಮಾತು. ನನ್ನ ಚೌಕ ಈಗ ಚೌಕವಾಗಿ ಉಳಿದಿರಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಧಾರವಾಡದಲ್ಲಿ ಆಗ ಬೆಳಗಿನ ಚಹಾದ ಹೊತ್ತು. ಎಲ್ಲ ಕೇಳಿಸಿಕೊಂಡಳು.

"ಅಷ್ಟಕ್ಕ ಯಾಕ ಚಿಂತಿ ಮಾಡತಿ? ಹರದಿದ್ದನ್ನ ಬಿಚ್ಚಬ್ಯಾಡ. ಮ್ಯಾಲೊಂದು ತುಂಡ ಇಟ್ಟ ಹೊಲದ ಬಿಡು."

ನಮ್ಮ ಕಡೆ ಕೌದಿಗೆ ಮಾಡುವುದೇ ಹಾಗೆ. ಹಳೆಯ ಸೀರೆ, ಧೋತರ, ಯಾವುದು ಸಿಕ್ಕರೆ ಅದು. ಹರಿದಲ್ಲಿ ಇನ್ನೊಂದು ತುಂಡು ಇಟ್ಟು, ಅಂಚು ಒಳಗೆ ಮಡಚಿ ಹೊಲಿಯುವುದು. ಕೌದಿ ಹಳೆಯದಾದಷ್ಟೂ ದಪ್ಪವಾಗುತ್ತದೆ. ಅಲ್ಲಿ ಅಳತೆ ಅಂದರೆ ಗೇಣು, ಮೊಳ ಮತ್ತು ಕಣ್ಣು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ ಅನ್ನುವ ತಮ್ಮ ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮುಂದಿನ ತುಂಡು ಎಷ್ಟು ದೊಡ್ಡದು ಅನ್ನುವುದನ್ನು ಹಿಂದಿನ ತುಂಡು ಹೇಳುತ್ತದೆ. ಮೊದಲೇ ಬರೆದಿಟ್ಟ ಚಿತ್ರ ಇಲ್ಲ, ಹಾಗಾಗಿ ಚಿತ್ರಕ್ಕೂ ಬಟ್ಟೆಗೂ ಜಗಳವೂ ಇಲ್ಲ.

ಅವ್ವ ಹೇಳಿದ್ದು ಸರಿ ಅನ್ನಿಸಿತು. ಹರಿದ ಬ್ಲಾಕನ್ನು ಬಿಚ್ಚಿದರೆ ಸುತ್ತಲಿನ ಹಳೆಯ ಹೊಲಿಗೆಯೂ ಸಡಿಲವಾಗುತ್ತದೆ. ಹೊಸ ಬ್ಲಾಕ್ ಹೊಲಿದು, ಹಳೆಯದರ ಮೇಲೆ ಇಟ್ಟು, ಸುತ್ತಲೂ ಕೈಯಲ್ಲಿ ಹೊಲಿಯುವುದು. ಆದರೆ ನನಗೆ ಸುಮ್ನೆ ಕೆಂಪು ತುಂಡು ಸಾಲದು. ತೆನೆ ಬೇಕು. ತೆನೆಗಳ ಬುಡ ಅಕ್ಕಪಕ್ಕದ ಬ್ಲಾಕ್‌ನ ತೆನೆಗಳ ಬುಡಕ್ಕೆ ಸರಿಯಾಗಿ ಬರಬೇಕು.

ನಾನು ಆ ಹಳೆಯ ಸಾಫ್ಟ್‌ವೇರನ್ನು ಎಷ್ಟು ಪ್ರೀತಿಸುತ್ತೇನೆ ಅಂತ ಗೊತ್ತಾದದ್ದು ಆಗ. 2008ರಲ್ಲಿ ಮುದ್ರಿಸಿದ ಒಂದು ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೂ ಈಗ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಜೆರಾಕ್ಸ್‌ನಲ್ಲಿ ಚಿಕ್ಕದು ಮಾಡಿದರೆ ಅಡ್ಡಕ್ಕೂ ಉದ್ದಕ್ಕೂ ಒಂದೇ ಲೆಕ್ಕದಲ್ಲಿ ಚಿಕ್ಕದಾಗುತ್ತಿತ್ತು. ಫೈಲಿನಲ್ಲಿ ಇರುವುದು ಚಿತ್ರ ಅಲ್ಲ, ಗೆರೆಗಳು. ಈ ಚುಕ್ಕಿಯಿಂದ ಆ ಚುಕ್ಕಿಗೆ ಅನ್ನುವ ಮಾತು ಮಾತ್ರ ಅಲ್ಲಿ ಇದೆ. ಮುದ್ರಿಸುವಾಗ ಅಗಲ 11 5/8, ಎತ್ತರ 11 1/2 ಅಂತ ಬರೆದೆ. ಆರು ತೆನೆಗಳೂ ಒಟ್ಟಿಗೆ ಜರುಗಿ ನಿಂತವು. ಒಂದೊಂದರ ಬುಡ 1 15/16 ಇಂಚು. ಸುತ್ತಲಿನ ಕಾಲಿಂಚಿನ ಮಾರ್ಜಿನ್ ಮಾತ್ರ ಕಾಲಿಂಚಾಗಿಯೇ ಉಳಿಯಿತು. ಬ್ಲಾಕ್ ಎಷ್ಟೇ ಕುಗ್ಗಿದರೂ ಸೂಜಿಗೆ ಬೇಕಾದ ಜಾಗ ಅಷ್ಟೇ ಅಲ್ವಾ? ಗಣಿತದವರೂ ಬಟ್ಟೆಯವರೂ ಕೂತು ಮಾಡಿದ್ದು ಅಂತ ಹೇಳಿದೆನಲ್ಲ, ಅದು ಇಂಥ ಕಡೆ ಕಾಣುತ್ತದೆ.

ಹೊಸ ಆವೃತ್ತಿ ತೆಗೆದುಕೊಳ್ಳಬಹುದಲ್ಲ ಅಂತ ಗೆಳತಿಯರು ಕೇಳಿದರು. ಇಕ್ಯೂ8 2017ರಲ್ಲೇ ಬಂದಿದೆ, ಮ್ಯಾಕ್‌ನಲ್ಲೂ ಓಡುತ್ತದೆ. ಮುಂದೆ ತೆಗೆದುಕೊಳ್ಳುತ್ತೇನೆ. ಹಳೆಯದರ ಈ ಓಟ ಎಷ್ಟು ದಿನ ಅಂತ ಯಾರಿಗೆ ಗೊತ್ತು. ಆದರೆ ಹೊಸದರಲ್ಲಿ ಸೇವ್ ಮಾಡಿದ್ದನ್ನು ಹಳೆಯದರಲ್ಲಿ ತೆರೆಯಲು ಆಗುವುದಿಲ್ಲ, ಅದಕ್ಕೆ ಹಳೆಯ ಫೈಲಿನ ಪ್ರತಿ ಒಂದನ್ನು ಮುಟ್ಟದೆ ಇಡುತ್ತೇನೆ. ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಗ್ರಾಫ್ ಹಾಳೆಯ ಮೇಲೆ ಪೆನ್ನಿನಲ್ಲಿ ತೆನೆಯ ಬ್ಲಾಕ್ ಬರೆದಿದ್ದೇನೆ. ಹನ್ನೆರಡು ಮನೆ ಅಗಲ, ಹನ್ನೆರಡು ಮನೆ ಎತ್ತರ. ಬುಡದ ಚುಕ್ಕಿಗಳು ಎರಡೆರಡು ಮನೆಗೆ, ಮೊನೆಗಳು ಅವುಗಳ ನಡುವೆ, ಎಂಟು ಮನೆ ಮೇಲಕ್ಕೆ. ಪಕ್ಕದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ, ಮಗಳಿಗೆ ಎರಡೂ ಬೇಕು. ಯಾವ ಕಂಪ್ಯೂಟರಿಗೂ ಅದನ್ನು ಮತ್ತೆ ಹೇಳಿಕೊಡಬಹುದು.

ಮೊದಲ ಬ್ಲಾಕ್ ಹೊಲಿದಾಯಿತು. ಚಿಂದಿ ಚೀಲದಲ್ಲಿ ಆಗಿನ ಕೆಂಪು ಬಟ್ಟೆಯ ಉಳಿದ ತುಂಡುಗಳಿದ್ದವು. ಅವು ಒಂದು ಸಲವೂ ನೀರು ಕಂಡಿರಲಿಲ್ಲ, ಬಣ್ಣ ಹೊಚ್ಚ ಹೊಸದು. ಹಾಗೇ ಹೊಲಿದರೆ ಮುಂದಿನ ಸಲ ತೊಳೆದಾಗ ಅವು ಮಾತ್ರ ಕುಗ್ಗಿ ಸುತ್ತಲಿನದನ್ನು ಜಗ್ಗುತ್ತವೆ. ಅದಕ್ಕೆ ನಾಲ್ಕು ಸಲ ಬಿಸಿ ನೀರಿನಲ್ಲಿ ತೊಳೆದು ಡ್ರೈಯರ್‌ಗೆ ಹಾಕಿದೆ. ಆಮೇಲೆ ಕತ್ತರಿಸಿದೆ. ಬ್ಲಾಕ್ ಹಳೆಯದರ ಮೇಲೆ ಸರಿಯಾಗಿ ಕೂತಿದೆ. ಮೊನೆಗಳೆಲ್ಲ ಚೂಪಾಗಿವೆ. ಮೂರನೆಯ ತೆನೆಯ ಬುಡ ಪಕ್ಕದ್ದಕ್ಕಿಂತ ಒಂದು ದಾರದಷ್ಟು ಆಚೆ ಇದೆ, ಬಿಚ್ಚಿ ಮತ್ತೆ ಹೊಲಿಯಬೇಕು.

ಎರಡನೆಯ ಬ್ಲಾಕ್‌ಗೆ ಕೆಂಪು ಸಾಲುವುದಿಲ್ಲ. ಅವ್ವನಿಗೆ ಹೇಳಿದ್ದೆ. ಊರಿನಿಂದ ಬಂದವರ ಕೈಯಲ್ಲಿ ತನ್ನ ಹಳೆಯ ಇಳಕಲ್ ಸೀರೆಯ ಒಡಲಿನ ಒಂದು ತುಂಡು ಕಳಿಸಿದ್ದಾಳೆ. ಗಿರಿಕುಂಕುಮ ಬಣ್ಣದ್ದು, ಹತ್ತಿ. ಉಟ್ಟು ತೊಳೆದು ಮೆತ್ತಗಾಗಿದೆ. ಆದರೆ ಅಲ್ಲಿ ತೊಳೆದದ್ದು ತಣ್ಣೀರಿನಲ್ಲಿ, ಒಣಗಿದ್ದು ಹಗ್ಗದ ಮೇಲೆ. ಇಲ್ಲಿನ ಬಿಸಿಗೆ ಇನ್ನೂ ಎಷ್ಟು ಕುಗ್ಗುತ್ತದೋ. ಅದರಲ್ಲಿ ಹತ್ತು ಇಂಚಿನ ಒಂದು ಚೌಕ ಕತ್ತರಿಸಿ, ಹಾಸಿನ ಕಡೆಗೆ ಬಿಳಿ ದಾರದ ಒಂದು ಗುರುತು ಹಾಕಿ, ಈಗಷ್ಟೇ ಬಿಸಿ ನೀರಿಗೆ ಬಿಟ್ಟಿದ್ದೇನೆ. ಒಣಗಿದ ಮೇಲೆ ಎರಡೂ ಕಡೆ ಅಳೆಯಬೇಕು.